ಹಳೇ ಎಂಟರ್‌ಪ್ರೈಸ್ ಡಿಂಗಿಯ ಸೆಂಟರ್‌ಬೋರ್ಡ್ ಸೀಳೈತಿ: ಹೊಸದು ಪ್ಲೈವುಡ್‌ದಾಗ ಮಾಡಿಸ್ಲೋ, ಗಟ್ಟಿ ಕಟ್ಟಿಗ್ಯಾಗೋ?

ಉಣಕಲ್_ಹಾಯಿ:
ಎಲ್ಲಾರಿಗೂ ನಮಸ್ಕಾರ್ರೀ. ಹರಾಜಿನ್ಯಾಗ ಬಂದ ಹಳೇ ಪ್ಲೈವುಡ್ ಎಂಟರ್‌ಪ್ರೈಸ್ ಡಿಂಗಿ (ಸಣ್ಣ ಹಾಯಿದೋಣಿ) ಒಂದು ಗೋಕುಲ ರೋಡಿನ ಶೆಡ್‌ನ್ಯಾಗ ನಿಂತೈತಿ. ಮಳಿಗಾಲ ಮುಗದ ಮ್ಯಾಲೆ ಕಾರವಾರಕ್ಕ ಒಯ್ಯೋದೈತಿ. ಒಡಲು ಗಟ್ಟಿ, ಮಾಸ್ಟು (ಹಾಯಿಗಂಬ) ಛಲೋ, ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕ ಜಾರದಂಗ ತಳದ ನಡುವಿಂದ ನೀರಿಗೆ ಇಳಿಬಿಡೋ ಹಲಗಿ) ಮಾತ್ರ ಹೋಗೈತಿ. ತಳದಿಂದ ಹೊರಗ ಬರೋ ಗೆರಿಗುಂಟ ಅಡ್ಡ ಸೀಳು, ಕೆಳಗಿನ ತುದಿಯ ಪದರ ಬಿಚ್ಚ್ಯಾವ, ಬೋರ್ಡು ತಿರುಗೋ ಬೋಲ್ಟಿನ ತೂತು ಉದ್ದಕ ಹಿಗ್ಗೇತಿ. ಬೋರ್ಡು ಇನ್ನೂ ಕೇಸಿನೊಳಗ (ಬೋರ್ಡು ಎತ್ತಿ ಇಳಿಸೋ ಇಕ್ಕಟ್ಟಿನ ಪೆಟ್ಟಿಗಿ) ಸಿಕ್ಕೊಂಡು ಕೂತೈತಿ, ಪೂರಾ ಹೊರಗ ಬರವಲ್ದು. ಹೊರಗ ಕಾಣೋ ಭಾಗದ ದಪ್ಪ 22 ಮಿ.ಮೀ.

ಕೇಳೋದು ಇಷ್ಟ. ಹುಬ್ಬಳ್ಳ್ಯಾಗ ಐ.ಎಸ್. 710 ಮರೀನ್ ಪ್ಲೈ 19 ಮಿ.ಮೀ. ಸಿಗತೈತಿ. ಅದನ್ನ ಅದ ಆಕಾರಕ್ಕ ಕತ್ತರಿಸಿ ಪೇಂಟ್ ಹೊಡದ್ರ ನಡಿತೈತೇನು? ಇಲ್ಲಾ ಸಾಗವಾನಿ ಹಲಗಿ ತಗೋಬೇಕೋ?

ವರದಾ_ತೀರ:
ಹುಬ್ಬಳ್ಳ್ಯಾಗ ಹಾಯಿದೋಣಿ! ಟೋಲ್‌ನ್ಯಾಗ ಏನಂತ ಬರಸ್ತೀರಿ ಸರ?

ಗರಗಸ_ಧಾರವಾಡ:
ಪ್ಲೈ-ಸಾಗವಾನಿ ಆಮ್ಯಾಲೆ ನೋಡೂಣು. ಮೊದಲ 22 ಅನ್ನೋ ಅಂಕಿ ಮರತುಬಿಡ್ರಿ. ಪದರ ಬಿಚ್ಚಿದ ಬೋರ್ಡು ನೀರು ಕುಡಿದು ಉಬ್ಬಿರತೈತಿ, ಅದರ ದಪ್ಪ ಅಳದ್ರ ಉಬ್ಬಿದ್ದನ್ನ ಅಳದಂಗ. ಸಿಕ್ಕೊಂಡಿದ್ದೂ ಬಹುಶಃ ಅದಕ್ಕ. ಅಳೀಬೇಕಾದ್ದು ಕೇಸಿನ ಸಂದು.

ಬರೇ ಬಾಯಿ ಹತ್ರ ಟೇಪ್ ಹಿಡದ್ರ ಆಗಂಗಿಲ್ಲ. ಹಳೇ ಕೇಸಿನ ಎರಡೂ ಪಕ್ಕದ ಹಲಗಿ ನಡುವ ಒಳಗ ಬಾಗಿರ್ತಾವ. ಪ್ಲೈ ಚೂರು, ಹಾರ್ಡ್‌ಬೋರ್ಡ್ ಚೂರು ಜೋಡಿಸಿ 20, 21, 22, 23, 24 ಮಿ.ಮೀ. ಗೇಜ್ ಪಟ್ಟಿ ಮಾಡ್ಕೊಳ್ರಿ, ಒಂದೊಂದ ಒಳಗ ಬಿಟ್ಟು ಮುಂದಿಂದ ಹಿಂದಕ್ಕ, ಮ್ಯಾಲಿಂದ ಕೆಳಗ ಎಳದು ನೋಡ್ರಿ. ಎಲ್ಲಿ ಅತೀ ಕಡಿಮಿ ಬರ್ತೈತೋ ಅದ ನಿಮ್ಮ ಲೆಕ್ಕದ ಅಂಕಿ.

ಅದರಾಗ 3 ಮಿ.ಮೀ. ಕಳೀರಿ, ಪಕ್ಕಕ್ಕ ಒಂದೂವರಿ. ಉಳದದ್ದು ಪೇಂಟು, ಗ್ಲಾಸ್ ಬಟ್ಟಿ (ಗಾಜಿನ ಎಳಿ ಬಟ್ಟಿ) ಎಲ್ಲಾ ಸೇರಿ ಮುಗದ ಬೋರ್ಡಿನ ದಪ್ಪ. ಎರಡು ಪದರ ಗ್ಲಾಸ್ ಬಟ್ಟಿ, ಮ್ಯಾಲೆ ತುಂಬೋ ಕೋಟು, ಪೇಂಟು ಅಂದ್ರ ಎರಡೂ ಪಕ್ಕ ಕೂಡಿ ಸುಮಾರು 1.5 ಮಿ.ಮೀ. ಹೋಗತೈತಿ. ಸಂದು 24 ಇದ್ರ ಮುಗದ ಬೋರ್ಡು 21, ಕಟ್ಟಿಗಿ 19.5. ಹೊಸಾ ಬೋರ್ಡು ಕೇಸಿನೊಳಗ ಹೋಗವಲ್ದು ಅಂತ ಅಳೋರು ಭಾಳ ಮಂದಿ ಈ ಕಳಿಯೋ ಲೆಕ್ಕ ಬಿಟ್ಟವರು.

ಕಾಳಿ_ದಂಡೆ:
ಮೊದಲು ಸಿಕ್ಕಿಕೊಂಡದ್ದನ್ನು ಹೊರಗೆ ತೆಗೆಯುವ ಮಾತು. ಮೇಲಿನಿಂದ ಸುತ್ತಿಗೆಯಲ್ಲಿ ಹೊಡೆಯಬೇಡಿ, ಕಬ್ಬಿಣದ ರಾಡ್ ತುರುಕಿ ಮೀಟಲೂಬೇಡಿ. ಕೇಸು ಮತ್ತು ಕೀಲ್ (ತಳದ ನಡುಹಲಗೆ) ಸೇರುವ ಜೋಡಣೆಯೇ ಹಳೆಯ ಮರದ ಡಿಂಗಿಗಳಲ್ಲಿ ಸೋರುವ ಮೊದಲ ಜಾಗ. ಮೀಟಿದರೆ ಅದು ಬಿಟ್ಟುಕೊಳ್ಳುತ್ತದೆ, ಆಮೇಲೆ ಬೋರ್ಡಿನ ಕೆಲಸ ಹೋಗಿ ಕೇಸಿನ ಕೆಲಸವೇ ಆಗುತ್ತದೆ.

ಮಾಸ್ಟ್ ಇಳಿಸಿ, ಹಳೆಯ ಕಾರ್ ಟಯರ್ ಮೇಲೆ ಗಾದಿ ಹಾಸಿ ದೋಣಿಯನ್ನು ಪಕ್ಕಕ್ಕೆ ಮಲಗಿಸಿ. ಬರೀ ಒಡಲೇ 90 ಕೆ.ಜಿ. ಮೇಲಿದೆ, ಮೂರು ಜನ ಬೇಕು. ತಳದ ಸಂದಿನಿಂದ ಟಾರ್ಚ್ ಬಿಟ್ಟು ನೋಡಿ. ಬೋರ್ಡ್ ಉಬ್ಬಿದೆಯೋ, ಜಲ್ಲಿಕಲ್ಲು ಸಿಕ್ಕಿದೆಯೋ ಗೊತ್ತಾಗುತ್ತದೆ. ಕಲ್ಲಾದರೆ ಹ್ಯಾಕ್‌ಸಾ ಬ್ಲೇಡ್ ಅಥವಾ ತೆಳು ತಗಡಿನ ಪಟ್ಟಿ ತೂರಿಸಿ ಮೇಲಕ್ಕೆ ತಳ್ಳಿ. ಉಬ್ಬಿದ್ದರೆ ಕೆಲವು ವಾರ ನೆರಳಲ್ಲಿ, ಗಾಳಿ ಆಡುವ ಕಡೆ ಒಣಗಲು ಬಿಡಿ, ತಾನೇ ಸಡಿಲವಾಗುತ್ತದೆ. ಬೋಲ್ಟ್ ಬಿಚ್ಚುವ ಮೊದಲು ಬೋರ್ಡಿಗೆ ಕೆಳಗಿನಿಂದ ಆಸರೆ ಇರಲಿ. ಹೊರ ಬಂದ ತಕ್ಷಣ, ಒಡೆದಿದ್ದರೂ, 3 ಮಿ.ಮೀ. ಹಾರ್ಡ್‌ಬೋರ್ಡಿನ ಮೇಲಿಟ್ಟು ಗೆರೆ ಎಳೆಯಿರಿ. ಬೋಲ್ಟಿನ ತೂತಿನ ನಡುಬಿಂದು ಹಿಗ್ಗಿದ ತೂತಿನ ನಡುವಲ್ಲ, ಸವೆಯದ ಅಂಚಿನಿಂದ ಲೆಕ್ಕ ಹಾಕಿದ್ದು.

ಆ ಹಾರ್ಡ್‌ಬೋರ್ಡ್ ಮಾದರಿಯನ್ನು ಕತ್ತರಿಸಿ, ಬೋಲ್ಟ್ ಹಾಕಿ, ಕೇಸಿನಲ್ಲಿ ಪೂರ್ತಿ ಮೇಲೆ-ಕೆಳಗೆ ತಿರುಗಿಸಿ ನೋಡಿ. ಹಿಂದಿನ ಮೂಲೆ ಎಲ್ಲಿ ತಾಗುತ್ತದೆ, ಪೂರ್ತಿ ಎತ್ತಿದಾಗ ತುದಿ ತಳದಿಂದ ಹೊರಗೆ ಉಳಿಯುತ್ತದೆಯೇ ಎಲ್ಲ ತಿಳಿಯುತ್ತದೆ. ತಪ್ಪಾದರೆ ಒಂದು ಹಾರ್ಡ್‌ಬೋರ್ಡ್ ಹಾಳು, ಅಷ್ಟೆ.

ತಾರಿಹಾಳ_ಲೇತ್:
ಇಷ್ಟೆಲ್ಲಾ ಯಾಕ್ರೀ? 6 ಮಿ.ಮೀ. ಎಂ.ಎಸ್. (ಸಾದಾ ಉಕ್ಕು) ಪ್ಲೇಟು, ಲೇಸರ್ ಕಟಿಂಗ್‌ಗೆ ಕೊಟ್ರ ಒಂದ ದಿನದಾಗ ಕೈಗೆ ಬರ್ತೈತಿ. ಗ್ಯಾಲ್ವನೈಸ್ (ಸತುವಿನ ಲೇಪ) ಮಾಡಸ್ರಿ, ಮುಗೀತು. ಮುರಿಯೂ ಮಾತ ಇಲ್ಲ.

ಕಾಳಿ_ದಂಡೆ:
ಉಕ್ಕಿನ ಬೋರ್ಡ್ ಇರುವ ದೋಣಿಗಳಿವೆ, ಆದರೆ ಅವುಗಳ ಕೇಸೇ ತೆಳು. 24 ಮಿ.ಮೀ. ಸಂದಿನಲ್ಲಿ 6 ಮಿ.ಮೀ. ಪ್ಲೇಟ್ ಎಂದರೆ ಪ್ರತಿ ಅಲೆಗೂ ಎಡಬಲ ಬಡಿಯುತ್ತದೆ. 6 ಮಿ.ಮೀ. ಉಕ್ಕು ಚದರ ಮೀಟರಿಗೆ 47 ಕೆ.ಜಿ. 0.4 ಚ.ಮೀ. ಬೋರ್ಡಿಗೆ 19 ಕೆ.ಜಿ. ಆಯಿತು. ಜಾಕ್ ಹೋಲ್ಟ್ 1956ರಲ್ಲಿ ಈ ದೋಣಿ ಮಾಡಿದ್ದು ಹಗುರ ಪ್ಲೈವುಡ್ ಡಿಂಗಿ ಎಂದೇ, ಒಡಲಿನ ಐದನೇ ಒಂದು ಭಾಗದಷ್ಟು ತೂಕವನ್ನು ಒಂದು ಬೋಲ್ಟಿಗೆ ನೇತುಹಾಕಲು ಅಲ್ಲ. ಸ್ಪರ್ಧೆಗೆ ಇಳಿಸುವ ವಿಚಾರವಿದ್ದರೆ ಕ್ಲಾಸ್ ನಿಯಮವೂ (ಈ ಜಾತಿಯ ದೋಣಿಗಳ ಸ್ಪರ್ಧಾ ನಿಯಮ) ಇದೆ: ಬೋರ್ಡಿನ ವಸ್ತು, ಆಕಾರ, ಅಂಚು ಎಷ್ಟು ಕೆತ್ತಬಹುದು ಎಂಬುದನ್ನು ಓದಿಕೊಂಡೇ ರಂಧಾ (ಕೀಸುಳಿ) ಎತ್ತಿ.

ಗರಗಸ_ಧಾರವಾಡ:
ಮತ್ತ 6 ಮಿ.ಮೀ. ಪ್ಲೇಟನ್ನ ಬಿಸಿ ಸತುವಿನ್ಯಾಗ ಅದ್ದಿದ್ರ ಸೊಟ್ಟ ಆಗೋ ಸಂಭವ ಭಾಳ. ನೆಟ್ಟಗ ಮಾಡಾಕ ಬಡದ್ರ ಸತು ಉದುರತೈತಿ.

ತಾರಿಹಾಳ_ಲೇತ್:
ಆತು ಬಿಡ್ರಿ, ಸೊಟ್ಟ ಆಗೋದು ಖರೇ. ಹಂಗಾದ್ರ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಶೀಟು? 20 ಮಿ.ಮೀ. ಸಿಗತೈತಿ, ಕೊಳ್ಯಾಂಗಿಲ್ಲ.

ಸಾಧನಕೇರಿ_ಅಕ್ಕ:
ಕೊಳೆಯುವುದಿಲ್ಲ, ಆದರೆ ಬಾಗುತ್ತದೆ. ಸಾಗವಾನಿಯ ಬಿಗಿತ ಸುಮಾರು 10 ಗಿಗಾಪಾಸ್ಕಲ್, ಎಚ್‌ಡಿಪಿಇ ಸುಮಾರು 1. ಅದೇ ದಪ್ಪ, ಅದೇ ಭಾರಕ್ಕೆ ಹತ್ತು ಪಟ್ಟು ಬಾಗು.

ಪ್ಲೈ ಸಾಕೇ ಎಂಬುದನ್ನೂ ಲೆಕ್ಕ ಹಾಕಿಯೇ ನೋಡಬಹುದು. ಬೋರ್ಡಿಗೆ ಅತಿ ದೊಡ್ಡ ಭಾರ ಹಾಯಿ ಓಡುವಾಗಿನದಲ್ಲ. ದೋಣಿ ಮಗುಚಿದಾಗ ಎತ್ತಲು ಬೋರ್ಡಿನ ತುದಿಯ ಮೇಲೆ ನಿಲ್ಲುತ್ತೀರಲ್ಲ, ಅದು. 80 ಕೆ.ಜಿ. ಮನುಷ್ಯ ತಳದಿಂದ 0.8 ಮೀ. ದೂರ ನಿಂತರೆ ತಳದ ಗೆರೆಯಲ್ಲಿ ಬಾಗುಬಲ 80 × 9.81 × 0.8, ಅಂದರೆ ಸುಮಾರು 630 ನ್ಯೂಟನ್ ಮೀಟರ್. ಬೋರ್ಡ್ 330 ಮಿ.ಮೀ. ಅಗಲ, 20 ಮಿ.ಮೀ. ದಪ್ಪದ ಸಪಾಟು ಹಲಗೆ ಎಂದುಕೊಂಡರೆ ಹೊರಮೈಯ ಒತ್ತಡ 29 ಮೆಗಾಪಾಸ್ಕಲ್. ಅಂಚುಗಳನ್ನು ರೆಕ್ಕೆಯ ಹಾಗೆ ಕೆತ್ತಿದರೆ 45ರ ಹತ್ತಿರ. ದೋಷವಿಲ್ಲದ ಸಾಗವಾನಿ 90ರ ಸುಮಾರಿಗೆ ಮುರಿಯುತ್ತದೆ, ಆದ್ದರಿಂದ ಅದಕ್ಕೆ ನೆಮ್ಮದಿಯ ಅಂತರ ಉಂಟು. ಪ್ಲೈನಲ್ಲಿ ಹೆಚ್ಚುಕಡಿಮೆ ಅರ್ಧ ಪದರಗಳ ಎಳೆ ಅಡ್ಡಕ್ಕೆ ಓಡುತ್ತದೆ, ಅವು ಈ ಬಾಗುವಿಕೆಗೆ ಏನೂ ಸಹಾಯ ಮಾಡುವುದಿಲ್ಲ. ಅದರ ಮೇಲೆ ಕೆತ್ತುವಾಗ ನೀವು ತೆಗೆಯುವುದು ಹೊರಗಿನ ಪದರ, ಅಂದರೆ ಉದ್ದ ಎಳೆಯ, ಅತಿ ಹೆಚ್ಚು ಕೆಲಸ ಮಾಡುವ ಪದರವನ್ನೇ. ತಳದ ಗೆರೆಗುಂಟ ಸೀಳಿದ್ದು ಆಕಸ್ಮಿಕ ಅಲ್ಲ, ಅಲ್ಲಿಯೇ ಸೀಳಬೇಕು.

ಇನ್ನೊಂದು: ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಹೋಗುತ್ತದೆ. 20ರ ಬದಲು 17 ಮಿ.ಮೀ. ಮಾಡಿದರೆ 28% ಬಲ ಹೋಯಿತು. ಸಂದು ಎಷ್ಟು ಬಿಡುತ್ತದೋ ಅಷ್ಟೂ ದಪ್ಪ ಬಳಸಿ, "ಇರಲಿ ಸಡಿಲ" ಎಂದು ತೆಳು ಮಾಡಬೇಡಿ.

ಉಣಕಲ್_ಹಾಯಿ:
ಅಕ್ಕಾರ, ಇದು ಛಲೋ ತಿಳೀತ್ರಿ. ಹಂಗಾದ್ರ ಒಂದ ಅಗಲ ಸಾಗವಾನಿ ಹಲಗಿ ತರ್ಲೇನು? 14 ಇಂಚಿಂದು ಹುಡುಕಬೇಕು.

ಗರಗಸ_ಧಾರವಾಡ:
ಬ್ಯಾಡ್ರಿ. ಒಂದ ಅಗಲ ಹಲಗಿ ಬಾಗೇ ಬಾಗತೈತಿ, ಕಾರವಾರದ ಉಪ್ಪು ಹವಾಕ್ಕ ಒಂದು ತರಾ, ಧಾರವಾಡದ ಬ್ಯಾಸಗಿಗೆ ಇನ್ನೊಂದು ತರಾ. 45 ಮಿ.ಮೀ. ಅಗಲದ ಪಟ್ಟಿ ಸೀಳಿಸಿ ಅಂಟಸ್ರಿ. 360 ಮಿ.ಮೀ. ಅಗಲಕ್ಕ 8 ಪಟ್ಟಿ, ಗಂಟು-ಬಿರುಕು ಬಂದದ್ದು ತಗೀಲಿಕ್ಕೆ 10 ತಗೊಳ್ರಿ. 1.3 ಮೀ. ಉದ್ದ, 27 ಮಿ.ಮೀ. ದಪ್ಪ ಒರಟು. ಒಟ್ಟ ಮುಕ್ಕಾಲು ಘನ ಅಡಿ ಒಳಗ ಮುಗೀತೈತಿ. ಸಾಮಿಲ್‌ನ್ಯಾಗ ದೊಡ್ಡ ತೊಲಿ ಕೊಳ್ಳೋದು ಬ್ಯಾಡ, ಬಾಗಲ ಚೌಕಟ್ಟು ಮಾಡಿ ಉಳದ ತುಂಡಿನ್ಯಾಗ ಸಿಗತೈತಿ. ಹಳೇ ಮನಿ ಕೆಡವಿದ ಸಾಗವಾನಿ ಇನ್ನೂ ಛಲೋ, ಒಣಗಿ ಎಷ್ಟೋ ವರ್ಷ ಆಗಿರತೈತಿ. ಮೊಳಿ ಮಾತ್ರ ನೋಡ್ಕೋರಿ, ರಂಧಾದ ಬ್ಲೇಡ್ ಹೋಗತೈತಿ.

ಪಟ್ಟಿ ಜೋಡಿಸುವಾಗ ತುದಿಯ ಉಂಗುರ ನೋಡ್ರಿ. ಒಂದರ ಕಮಾನು ಮ್ಯಾಲೆ ಇದ್ರ ಮುಂದಿಂದು ಕೆಳಗ. ಒಂದರ ಬಾಗನ್ನ ಇನ್ನೊಂದು ಹಿಡೀತೈತಿ. ಬಿಳಿ ಹೊರಗಟ್ಟಿ (ತೊಗಟಿ ಒಳಗಿನ ಎಳೇ ಕಟ್ಟಿಗಿ) ಒಂದು ಪಟ್ಟಿನೂ ಬ್ಯಾಡ. ಸಾಗವಾನಿಗೆ ಎಣ್ಣಿ ಜಾಸ್ತಿ, ಅಂಟಿಸೋ ಮೈಯನ್ನ ಆಗಿಂದಾಗ ರಂಧಾ ಹೊಡದು, ಅಸಿಟೋನ್ ಬಟ್ಟಿಲೆ ಒರಸಿ, ಅದು ಆರಿದ ಕೂಡ್ಲೆ ಅಂಟು ಹಚ್ಚಬೇಕು. ಹಿಂದಿನ ದಿನ ರಂಧಾ ಹೊಡದು ಇಟ್ರ ಮತ್ತ ಎಣ್ಣಿ ಮ್ಯಾಲೆ ಬರ್ತೈತಿ. ಕ್ಲ್ಯಾಂಪ್ ಭಾಳ ಬಿಗೀಬ್ಯಾಡ್ರಿ. ಎಪಾಕ್ಸಿ (ಎರಡು ದ್ರವ ಕೂಡಿಸಿ ಮಾಡೋ ಅಂಟು) ಸಂದಿನ್ಯಾಗ ಸ್ವಲ್ಪ ಉಳೀಬೇಕು, ಪೂರಾ ಹಿಂಡಿದ್ರ ಜೋಡಣ್ಯಾಗ ಅಂಟ ಇಲ್ಲದಂಗ.

ವರದಾ_ತೀರ:
ಸಾಗವಾನಿ ಯಾಕ? ಕರಾವಳಿ ಕಡೆ ದೋಣಿಗೆ ಹೆಬ್ಬಲಸು ಹಾಕ್ತಾರಲ್ಲ.

ಗರಗಸ_ಧಾರವಾಡ:
ಹೆಬ್ಬಲಸು ಸಿಕ್ರ ಕಣ್ಮುಚ್ಚಿ ತಗೊಳ್ರಿ, ಅಂಟೂ ಛಲೋ ಹಿಡೀತೈತಿ. ಆದ್ರ ನಮ್ಮ ಕಡೆ ಕಟ್ಟಿಗಿ ಅಡ್ಡ್ಯಾಗ ಹುಡುಕಿ ಸಾಕಾಗತೈತಿ. ಮತ್ತಿ ಭಾರ, ಸೊಟ್ಟ ಆಗೋ ಗುಣ. ಹೆಬ್ಬೇವು ಹಗುರ, ಬಲ ಸಾಲಂಗಿಲ್ಲ.

ಹೊಸೂರ_ಸರ್ಕಲ್:
ಅಂಟಿಗೆ ಬಿಳಿ ವಾಟರ್‌ಪ್ರೂಫ್ ಫೆವಿಕಾಲ್ ಸಾಕಲ್ರೀ? ಅಡಗಿ ಮನಿ ಸಿಂಕಿನ ಕೆಳಗಿನ ಕಪಾಟು ಅದರಾಗ ಮಾಡ್ತಾರ.

ಗದಗ_ರೆಕ್ಕೆ:
ಸಿಂಕಿನ ಕೆಳಗ ನೀರು ಸಿಡೀತೈತಿ, ಬೋರ್ಡು ನೀರಾಗ ಮುಳುಗಿರತೈತಿ, ಮ್ಯಾಲೆ ಮನಶಾ ನಿಂದರ್ತಾನ. ಎಪಾಕ್ಸಿ ಬೇಕು. ಕಪ್ಪತಗುಡ್ಡದ ಗಾಳಿಪಂಖದ ರೆಕ್ಕಿ ರಿಪೇರಿಗೆ ಹತ್ತೋ ಸಾಮಾನ ಇಲ್ಲೂ ಹತ್ತತೈತಿ, ಹಂಗಾಗಿ ಸ್ವಲ್ಪ ವಿವರ ಬರೀತೀನಿ.

ಲ್ಯಾಪಾಕ್ಸ್ ಎಲ್-12 ಎಪಾಕ್ಸಿ ರಾಳಕ್ಕ ಕೆ-6 ಹಾರ್ಡ್ನರ್ (ಗಟ್ಟಿ ಮಾಡೋ ದ್ರವ) ಅಂದ್ರ ತೂಕದಾಗ 100ಕ್ಕ 10. ಲೋಟದ ಅಳತಿ ಅಲ್ಲ, ತೂಕ. 0.1 ಗ್ರಾಂ ತೋರಸೋ ಸಣ್ಣ ತಕ್ಕಡಿ ತಗೊಳ್ರಿ. ಬೇರೆ ಬ್ರಾಂಡಿಗೆ ಬೇರೆ ಪ್ರಮಾಣ, ಡಬ್ಬಿ ಮ್ಯಾಲಿಂದ ಓದ್ರಿ. "ಲಗೂ ಗಟ್ಟಿ ಆಗ್ಲಿ" ಅಂತ ಹಾರ್ಡ್ನರ್ ಜಾಸ್ತಿ ಹಾಕೋದು ಪಾಲಿಯೆಸ್ಟರ್ ರಾಳದವರ ಚಾಳಿ. ಎಪಾಕ್ಸಿಗೆ ಹಾಕಿದ್ರ ಉಳದ ಹಾರ್ಡ್ನರ್ ಒಳಗ ಕೂತು ಮೆತ್ತಗ ಮಾಡತೈತಿ. ಒಂದ ಸಲಕ್ಕ 150 ಗ್ರಾಂ ಮ್ಯಾಲೆ ಕಲಸಬ್ಯಾಡ್ರಿ, ಕಲಸಿದ್ದನ್ನ ಅಗಲ ತಾಟಿಗೆ ಸುರೀರಿ. ಏಪ್ರಿಲ್‌ದಾಗ ಆಳ ಕಪ್ಪಿನ್ಯಾಗ ಬಿಟ್ರ ತನ್ನ ಬಿಸಿಗೆ ತಾನ ಹೊಗಿ ಬಿಡತೈತಿ.

ಬಟ್ಟಿ: 200 ಗ್ರಾಂ ನೇಯ್ದ ಗ್ಲಾಸ್ ಬಟ್ಟಿ, ಎರಡು ಪದರ. ಒಂದು ಉದ್ದಕ, ಒಂದು 45 ಡಿಗ್ರಿ ಓರೆ. ತಳದ ಗೆರಿಗೆ ಮ್ಯಾಲೆ-ಕೆಳಗ 15 ಸೆಂ.ಮೀ. ಇನ್ನೊಂದು ತುಂಡು, ಆದ್ರ ಅದರ ದಪ್ಪಾನೂ ಲೆಕ್ಕಕ್ಕ ಹಿಡೀರಿ. ಅಂಗಡ್ಯಾಗ ಚಾಪ್ಡ್ ಮ್ಯಾಟ್ (ಕತ್ತರಿಸಿದ ಗ್ಲಾಸ್ ಎಳಿಯ ಚಾಪಿ) ಕೊಡ್ತಾರ, ತಗೋಬ್ಯಾಡ್ರಿ. ಅದರ ಎಳಿ ಹಿಡಿದಿರೋ ಅಂಟು ಪಾಲಿಯೆಸ್ಟರ್‌ನ ಸ್ಟೈರೀನ್‌ದಾಗ ಕರಗೂ ಹಂಗ ಮಾಡಿದ್ದು, ಎಪಾಕ್ಸಿಯಾಗ ಕರಗಂಗಿಲ್ಲ, ಬಿಳಿ ಬಿಳಿ ಉಳೀತೈತಿ.

ಲೆಕ್ಕ: ಎರಡೂ ಪಕ್ಕ ಎರಡೆರಡು ಪದರ, ಅಂಚಿನ ಮಡಿಕಿ ಸೇರಿ ಸುಮಾರು ಎರಡೂಕಾಲು ಚ.ಮೀ. ಬಟ್ಟಿ, 450 ಗ್ರಾಂ. ರಾಳ ಅದರಷ್ಟ ಇಲ್ಲಾ ಸ್ವಲ್ಪ ಹೆಚ್ಚು. ಪಟ್ಟಿ ಅಂಟಿಸಾಕ, ಮ್ಯಾಲಿನ ಕೋಟಿಗೆ ಸೇರಿ ಒಂದೂಕಾಲು ಕೆ.ಜಿ. ಕಿಟ್ ತಂದ್ರ ಕಡಿಮಿ ಬೀಳಂಗಿಲ್ಲ.

ಮುಖ್ಯ ಮಾತು: ಎರಡೂ ಪಕ್ಕ ಒಂದ ದಿನ ಹಾಕ್ರಿ. ಇವತ್ತ ಒಂದು ಪಕ್ಕ, ಮುಂದಿನ ಆಯ್ತವಾರ ಇನ್ನೊಂದು ಅಂದ್ರ ಬೋರ್ಡು ಬಾಗತೈತಿ. ಬೋರ್ಡಿನ ಎರಡೂ ತುದಿಗೆ ಒಂದೊಂದು ಉದ್ದ ಸ್ಕ್ರೂ ಹಾಕಿ ಸ್ಟ್ಯಾಂಡಿನ ಮ್ಯಾಲೆ ಕೂಡಸ್ರಿ, ಒಂದು ಪಕ್ಕ ಮುಗಿಸಿ ತಿರುಗಿಸಿ ಇನ್ನೊಂದು ಮಾಡಬಹುದು.

ಹೊಸೂರ_ಸರ್ಕಲ್:
ಪಾಲಿಯೆಸ್ಟರ್ ಅಗ್ಗ ಐತಿ. ಅದನ್ನ ಗಟ್ಟಿ ಮಾಡೋ ಕೋಬಾಲ್ಟು, ಎಂಇಕೆಪಿ ಎರಡೂ ಒಂದ ಕಪ್ಪಿನ್ಯಾಗ ಕೂಡಿಸಿ ಆಮ್ಯಾಲೆ ರಾಳಕ್ಕ ಹಾಕಿದ್ರ ಲಗೂ ಆಗತೈತಿ ಅಂತಾರ.

ಗದಗ_ರೆಕ್ಕೆ:
ಏ ತಮ್ಮಾ, ಅದನ್ನ ಯಾರೂ ಓದಿ ಮಾಡಬ್ಯಾಡ್ರಿ!! ಕೋಬಾಲ್ಟು ಮತ್ತ ಎಂಇಕೆಪಿ ನೇರ ಕೂಡಿದ್ರ ಸ್ಫೋಟ ಆಗತೈತಿ. ಕೋಬಾಲ್ಟು ಮೊದಲ ರಾಳದಾಗ ಪೂರಾ ಕಲಸಿ, ಆಮ್ಯಾಲೆ ಎಂಇಕೆಪಿ ಬೇರೆ ಹಾಕಬೇಕು. ಕಣ್ಣಿಗೆ ಸಿಡದ್ರ ಕಣ್ಣು ಹೋಗತೈತಿ, ಕನ್ನಡಕ ಹಾಕ್ಕೋರಿ. ಏನ ಇರ್ಲಿ, ಸಾಗವಾನಿ ಮ್ಯಾಲೆ ಪಾಲಿಯೆಸ್ಟರ್ ಗಟ್ಟಿ ಹಿಡಿಯಂಗಿಲ್ಲ, ಎರಡು ಹಂಗಾಮಿನ್ಯಾಗ ಸಿಪ್ಪಿ ಏಳತೈತಿ.

ಸಾಧನಕೇರಿ_ಅಕ್ಕ:
ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎಪಾಕ್ಸಿ ಹಾಕಿದರೆ ಮರುದಿನ ಮೇಲೆ ಮೇಣದಂಥ ಜಿಡ್ಡು ಬರುತ್ತದೆ. ಹಾರ್ಡ್ನರ್ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಆಗುವಂಥದ್ದು. ನೀರಿಗೆ ಹೋಗುತ್ತದೆ, ಹಾಗಾಗಿ ಮೊದಲು ನೀರು ಹಾಕಿ ಪಾತ್ರೆ ತಿಕ್ಕುವ ನಾರಿನಿಂದ ತೊಳೆದು, ಆಮೇಲೆ ಪಾಲಿಶ್ ಪೇಪರ್. ಮೊದಲೇ ಪೇಪರ್ ಹಿಡಿದರೆ ಜಿಡ್ಡನ್ನು ಒಳಗೆ ತಿಕ್ಕಿದಂತೆ, ಮುಂದಿನ ಕೋಟು ಅಂಟುವುದಿಲ್ಲ.

ಉಣಕಲ್_ಹಾಯಿ:
ಆಕಾರದ್ದು ಹೇಳ್ರಿ. ಹಳೇ ಬೋರ್ಡಿನ ಅಂಚು ಎರಡೂ ಕಡೆ ಒಂದ ತರಾ ಗುಂಡಗ ಐತಿ.

ಗದಗ_ರೆಕ್ಕೆ:
ಎರಡೂ ಗುಂಡಗ ಇದ್ರ ಓಡುವಾಗ ಗುಂಯ್ ಅಂತ ಸಪ್ಪಳ ಬರ್ತಿರಬೇಕು. ಹಿಂದಿನ ಗುಂಡು ಅಂಚಿನಿಂದ ನೀರಿನ ಸುಳಿ ಒಂದ ಸಲ ಎಡಕ, ಒಂದ ಸಲ ಬಲಕ ಬಿಟ್ಟು ಬೋರ್ಡು ನಡುಗತೈತಿ. ಮುಂದಿನ ಅಂಚು ಅರ್ಧ ಎಲಿಪ್ಸ್, ಚೂಪು ಬ್ಯಾಡ. ಚೂಪಾದ್ರ ಸ್ವಲ್ಪ ಓರೆ ನೀರು ಬಂದ್ರೂ ಹಿಡಿತ ತಪ್ಪತೈತಿ. ಹಿಂದಿನ ಅಂಚು ಕೊನೀ 100 ಮಿ.ಮೀ.ದಾಗ ಇಳಿಸ್ತಾ ಬಂದು 2-3 ಮಿ.ಮೀ. ಉಳಸ್ರಿ, ತುದಿ ಗುಂಡ ಮಾಡದ ಚೌಕ ಕತ್ತರಸ್ರಿ. ಆದ್ರೂ ಗುಂಯ್ ಅಂದ್ರ ಒಂದ ಪಕ್ಕಕ್ಕ 30 ಡಿಗ್ರಿ ಓರೆ ಮಾಡ್ರಿ, ನಿಲ್ಲತೈತಿ. ನಿಯಮ ಇಷ್ಟು ಕೆತ್ತಾಕ ಬಿಡಲಿಲ್ಲ ಅಂದ್ರ ಅದು ಬಿಟ್ಟಷ್ಟ.

ನಾಕಾ 0012 (ವಿಮಾನದ ರೆಕ್ಕಿಯ ಒಂದು ಆಕಾರ, ದಪ್ಪ ಅಗಲದ 12%) ಅಂತ ತಲಿ ಕೆಡಿಸ್ಕೋಬ್ಯಾಡ್ರಿ. 330 ಅಗಲಕ್ಕ 12% ಅಂದ್ರ 40 ಮಿ.ಮೀ. ದಪ್ಪ, ನಿಮ್ಮ ಕೇಸಿನ್ಯಾಗ ಹಿಡಿಯಂಗಿಲ್ಲ. ಮುಂದಿನ ಭಾಗದ ವಳಪು ಅಷ್ಟ ಅದರಿಂದ ತಗೊಂಡು, ನಡುವ ಸಪಾಟ ಬಿಡ್ರಿ. ತಗಡಿನ ಮಾದರಿ ಕತ್ತರಿಸಿ ಎರಡೂ ಪಕ್ಕಕ್ಕ ಹಿಡದು ನೋಡ್ರಿ. ಕೇಸಿನೊಳಗ ಉಳಿಯೋ ಮ್ಯಾಲಿನ ಭಾಗ ಕೆತ್ತಬ್ಯಾಡ್ರಿ.

ತಾರಿಹಾಳ_ಲೇತ್:
ಬೋಲ್ಟಿನ ಕಡೆ ನನ್ನ ಮಾತು ಕೇಳ್ರಿ. ಕಟ್ಟಿಗ್ಯಾಗ ನೇರ ತೂತು ಹಾಕಿ ಬೋಲ್ಟ್ ಹಾಕಿದ್ದಕ್ಕ ಹಳೇದು ಹಿಗ್ಗಿದ್ದು. 12 ಮಿ.ಮೀ. ಬೋಲ್ಟಿಗೆ 20 ಮಿ.ಮೀ. ಹೊರ ವ್ಯಾಸದ ಬುಷ್ (ಬೋಲ್ಟ್ ಕೂಡೋ ಸಣ್ಣ ಕೊಳವಿ) ಮಾಡಸ್ರಿ. ಕಟ್ಟಿಗ್ಯಾಗ 30 ಮಿ.ಮೀ. ತೂತು ಕೊರದು, ಗ್ಲಾಸ್ ಎಳಿ ಸಣ್ಣಗ ಕತ್ತರಿಸಿ ಹಾಕಿದ ಎಪಾಕ್ಸಿ ತುಂಬಿ, ಗಟ್ಟಿ ಆದ ಮ್ಯಾಲೆ ಅದರಾಗ 20 ಕೊರೀರಿ. ಹಿಂಗಾದ್ರ ಕಟ್ಟಿಗಿ ಎಳಿಗೆ ನೀರು ಮುಟ್ಟೋದ ಇಲ್ಲ. ಕೊರಿಯೋದು ಡ್ರಿಲ್ ಪ್ರೆಸ್‌ನ್ಯಾಗ. ಕೈ ಡ್ರಿಲ್‌ನ್ಯಾಗ ಒಂದು ಡಿಗ್ರಿ ಓರೆ ಆದ್ರೂ ಬೋರ್ಡಿನ ತುದಿ ಕೇಸಿನ ನಡುವಿಂದ 2 ಸೆಂ.ಮೀ. ಪಕ್ಕಕ್ಕ ಹೋಗತೈತಿ.

ಬುಷ್ ನೈಲಾನ್ ಇರ್ಲಿ, ಹಿತ್ತಾಳಿ ತುಟ್ಟಿ.

ಗದಗ_ರೆಕ್ಕೆ:
ನೈಲಾನ್ ನೀರು ಕುಡಿದು ಹಿಗ್ಗಿ ಬೋಲ್ಟನ್ನ ಹಿಡಕೋತೈತಿ. ಅಸಿಟಾಲ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ರಾಡ್‌ನ್ಯಾಗ ಮಾಡಸ್ರಿ, ಲೇತಿನ ಕೆಲಸ ಅಷ್ಟ.

ತಾರಿಹಾಳ_ಲೇತ್:
ಅಸಿಟಾಲ್ ಆದ್ರ ಇನ್ನೂ ಛಲೋ, ಒಪ್ಪಿದೆ. ಬೋಲ್ಟ್ ಎಸ್.ಎಸ್. ಇರ್ಲಿ, ಮ್ಯಾಗ್ನೆಟ್ ಹಿಡದು ನೋಡಿ ತಗೊಳ್ರಿ.

ಕಾಳಿ_ದಂಡೆ:
ಮ್ಯಾಗ್ನೆಟ್ ಪರೀಕ್ಷೆ ಇಲ್ಲಿ ಉಪಯೋಗಕ್ಕಿಲ್ಲ. 202, 304, 316 ಎಂಬ ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ದರ್ಜೆಗಳು ಮೂರಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಉಪ್ಪುನೀರಿಗೆ ಬೇಕಾದ್ದು 316. ಬೋಲ್ಟಿನ ತಲೆಯ ಮೇಲೆ ಎ4 ಎಂದು ಅಚ್ಚೊತ್ತಿರುತ್ತದೆ, ಎ2 ಇದ್ದರೆ 304. ತಲೆ ಮತ್ತು ನಟ್ ಕೆಳಗೆ ಒಂದೊಂದು ದೊಡ್ಡ ವಾಷರ್, ಅದರ ಕೆಳಗೆ ನಿಯೋಪ್ರಿನ್ ವಾಷರ್, ನೈಲಾಕ್ ನಟ್ (ತಾನಾಗಿ ಸಡಿಲವಾಗದ್ದು). ಸೋರುತ್ತಿದೆ ಎಂದು ಬಿಗಿಯುತ್ತಾ ಹೋದರೆ ಕೇಸಿನ ಗೋಡೆಗಳು ಒಳಬಾಗಿ ಬೋರ್ಡನ್ನು ಹಿಡಿದುಕೊಳ್ಳುತ್ತವೆ. ಗರಗಸ ಅಣ್ಣ ಹೇಳಿದ ನಡುವಿನ ಬಾಗಿಗೆ ಒಮ್ಮೊಮ್ಮೆ ಇದೇ ಕಾರಣ.

ವರದಾ_ತೀರ:
ಇಷ್ಟ ಖರ್ಚಿಗೆ ಎರಡು ಚೀಲ ಬ್ಯಾಡಗಿ ಮೆಣಸಿನಕಾಯಿ ಬರ್ತಿದ್ವು. ಇರ್ಲಿ, ಅರಬೈಲ್ ಘಾಟ್ ಇಳಿಯುವಾಗ ಬೋರ್ಡು ಕೇಸಿನೊಳಗ ಬಿಡ್ತೀರೋ, ತಗೀತೀರೋ?

ಕಾಳಿ_ದಂಡೆ:
ತೆಗೆದು ಕಂಬಳಿ ಸುತ್ತಿ ಬೇರೆ ಒಯ್ಯಿರಿ. ಟ್ರೈಲರ್ ಮೇಲೆ ಪ್ರತಿ ಗುಂಡಿಗೂ ಬೋರ್ಡಿನ ಹೊಡೆತ ಬೀಳುವುದು ಬೋಲ್ಟಿಗೂ ಕೇಸಿನ ಜೋಡಣೆಗೂ. ಬಿಸಿಲಲ್ಲಿಯೂ ಬಿಡಬೇಡಿ. ಎಪಾಕ್ಸಿಗೆ ಬಿಸಿಲು ತಡೆಯುವ ಶಕ್ತಿ ಇಲ್ಲ, ಮೇಲೆ ಎರಡು ಕೋಟು ಪಿ.ಯು. (ಪಾಲಿಯುರಿಥೇನ್) ಪೇಂಟ್ ಬೇಕೇ ಬೇಕು. ಬಿಳಿ ಬಣ್ಣ ಹೊಡೆಯಿರಿ, ಬಿರುಕು ಬಂದರೆ ಬೇಗ ಕಾಣುತ್ತದೆ.

ಉಣಕಲ್_ಹಾಯಿ:
ಬೋರ್ಡು ಹೊರಗ ಬಂತ್ರೀ, ಎರಡು ಜಲ್ಲಿಕಲ್ಲು ಸಿಕ್ಕಿದ್ವು, ಉಬ್ಬಿದ್ದೂ ಖರೇ. ಗೇಜ್ ಎಳದು ನೋಡಿದ್ರ ಬಾಯಿ ಹತ್ರ 25, ನಡುವ 23. ಅಂದ್ರ ಮುಗದ ಬೋರ್ಡು 20, ಕಟ್ಟಿಗಿ 18.5. ಸರಿ ಐತೇನು?

ಗರಗಸ_ಧಾರವಾಡ:
ಸರಿ ಐತಿ. ಆದ್ರ ಬೋಲ್ಟ್ ಸಡಿಲ ಮಾಡಿ ನಡುವ ಮತ್ತೊಮ್ಮೆ ಅಳೀರಿ. 24 ಬಂದ್ರ ಒಂದು ಮಿ.ಮೀ. ಪುಗಸಟ್ಟೆ ಸಿಕ್ಕಂಗ. ಅಕ್ಕಾರ ಲೆಕ್ಕದಾಗ ಅದು 10% ಬಲ.

ಉಣಕಲ್_ಹಾಯಿ:
ಇನ್ನೊಂದು. ಕಟ್ಟಿಗಿ ಬೋರ್ಡು ತೇಲತೈತಲ್ಲ, ಕೆಳಗ ಹೆಂಗ ನಿಲ್ಲತೈತಿ? ಮತ್ತ ತಳದ ಸಂದಿಗೆ ಮೊದಲ ರಬ್ಬರ್ ಪಟ್ಟಿ ಇತ್ತು ಅನ್ನೋ ಗುರುತು ಅದಾವ.

ಕಾಳಿ_ದಂಡೆ:
ಕೇಸಿನ ಮೇಲುಗಡೆ ಒಂದು ಪಕ್ಕಕ್ಕೆ ರಬ್ಬರ್ ತುಂಡು ಅಂಟಿಸಿ, ಬೋರ್ಡ್ ಉಜ್ಜಿಕೊಂಡು ಇಟ್ಟ ಕಡೆ ನಿಲ್ಲುವಷ್ಟು. ಅದರ ಜೊತೆ ಮುಂದಕ್ಕೆ ಎಳೆಯುವ ಶಾಕ್‌ಕಾರ್ಡ್ (ಹಿಗ್ಗುವ ರಬ್ಬರ್ ಹಗ್ಗ). ಬಿಗಿಯಾದ ಹಗ್ಗದಿಂದ ಕೆಳಗೆ ಕಟ್ಟಿ ಹಾಕಬೇಡಿ, ಮರಳಿಗೆ ತಾಗಿದಾಗ ಬೋರ್ಡ್ ತಾನೇ ಮೇಲೇಳಬೇಕು, ಇಲ್ಲದಿದ್ದರೆ ಕೇಸು ಸೀಳುತ್ತದೆ.

ಸಂದಿನ ಪಟ್ಟಿಗೆ ಲಾರಿ ಟ್ಯೂಬ್ ನಡೆಯುತ್ತದೆ, ಆದರೆ ಬೋರ್ಡಿನ ಜೊತೆ ಒಳಗೆ ಮಡಚಿಕೊಳ್ಳುತ್ತದೆ. ಹಳೆಯ ಹಾಯಿಬಟ್ಟೆಯ ಗಟ್ಟಿ ತುಂಡು ವಾಸಿ. ಎರಡು ಪಟ್ಟಿ ಸಂದಿನ ನಡುವೆ ಒಂದಕ್ಕೊಂದು ತಾಗುವಂತೆ, ಉದ್ದಕ್ಕೆ ಚೆನ್ನಾಗಿ ಎಳೆದು ಕೂರಿಸಿ. ಮೇಲೆ 12 × 2 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ, 316 ಸ್ಕ್ರೂ 75 ಮಿ.ಮೀ.ಗೆ ಒಂದು. ಪ್ರತಿ ಸ್ಕ್ರೂ ತೂತಿಗೆ ಸೀಲೆಂಟ್ ಹಚ್ಚಿ, ಅಲ್ಯೂಮಿನಿಯಂ ಮತ್ತು ಸ್ಟೀಲ್ ಉಪ್ಪುನೀರಲ್ಲಿ ನೇರ ತಾಗಿದರೆ ಅಲ್ಯೂಮಿನಿಯಂ ಪುಡಿಯಾಗುತ್ತದೆ. ಪಟ್ಟಿಯ ಹಿಂದಿನ ತುದಿ ಸಂದಿನಿಂದ 10 ಸೆಂ.ಮೀ. ಆಚೆ ಇರಲಿ, ಕಿತ್ತು ಬರಲು ಶುರುವಾಗುವುದು ಅಲ್ಲಿಂದಲೇ.

ತಾರಿಹಾಳ_ಲೇತ್:
ಬುಷ್‌ಗೆ ಅಳತಿ ಕಳಸ್ರಿ ಸರ, ಉದ್ದ ಮುಗದ ಬೋರ್ಡಿನ ದಪ್ಪಕ್ಕಿಂತ ಅರ್ಧ ಮಿ.ಮೀ. ಕಡಿಮಿ ಇಡ್ತೀನಿ.